ವಾದ್ಯವೃಂದದಿಂದ ಹೊರಬಂದ ಐವರು

ಲಂಡನ್ನಿನ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾಗೂ ಮೈಸೂರಿಗೂ ಇರುವ ನಂಟು ನಮ್ಮಲ್ಲಿ ಹಲವರಿಗೆ ಗೊತ್ತು. ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ 1945ರಲ್ಲಿ ಕಟ್ಟಿದ ಈ ವಾದ್ಯವೃಂದಕ್ಕೆ ಜಯಚಾಮರಾಜ ಒಡೆಯರು ಬೆನ್ನೆಲುಬಾಗಿ ನಿಂತರು. 1948ರಲ್ಲಿ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ಆದರೆ ಅದೇ ವೃಂದದ ಕಲಾವಿದರು ನಾಲ್ವರೋ ಐವರೋ ಸೇರಿ, ಕೈಯಾಡಿಸಿ ವೃಂದವನ್ನು ನಡೆಸುವ ಕಂಡಕ್ಟರ್ ಇಲ್ಲದೆ ನುಡಿಸುವ ಚೇಂಬರ್ ಸಂಗೀತಕ್ಕೆ ನಮ್ಮವರು ಹೋಗುವುದು ಕಡಿಮೆ. ಶ್ರುತಿಯಲ್ಲೇ ಬೆಳೆದ ಕಿವಿಗೆ ಪಾಶ್ಚಾತ್ಯ ಸಂಗೀತದೊಳಕ್ಕೆ ಹೋಗಲು ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ.

ಮಹಾರಾಜರ ಆಸರೆಯ ಆ ದಿನಗಳಲ್ಲೇ ಫಿಲ್‌ಹಾರ್ಮೋನಿಯಾದ ಮುಖ್ಯ ಹಾರ್ನ್ (ಸುರುಳಿ ಸುತ್ತಿದ ಹಿತ್ತಾಳೆಯ ಕಹಳೆ) ವಾದಕ ಡೆನಿಸ್ ಬ್ರೈನ್ ಒಂದು ಗಾಳಿವಾದ್ಯ ಪಂಚಕ ನಡೆಸುತ್ತಿದ್ದರು. ಫ್ಲೂಟ್, ಓಬೊ (ಶಹನಾಯಿಯ ಬಗೆಯದು), ಕ್ಲಾರಿನೆಟ್, ಬಸೂನ್ (ತಗ್ಗು ಸ್ವರದ ಉದ್ದನೆಯ ಮರದ ವಾದ್ಯ), ಹಾರ್ನ್: ಐದಕ್ಕೂ ಐದು ಸ್ವಭಾವ. ಫ್ಲೂಟನ್ನು ಜೋರಾಗಿ ಊದಿದರೆ ಶ್ರುತಿ ಏರುತ್ತದೆ, ಮೆಲ್ಲಗೆ ಊದಿದರೆ ಇಳಿಯುತ್ತದೆ. ಕ್ಲಾರಿನೆಟ್ಟಿನದು ಇದಕ್ಕೆ ತದ್ವಿರುದ್ಧ. ಹೀಗಾಗಿ ಎರಡೂ ಒಂದೇ ಸ್ವರ ಹಿಡಿದು ಸದ್ದು ಕುಗ್ಗಿಸುತ್ತಾ ಬಂದರೆ, ಕೊನೆಗೆ ಒಂದು ಕೆಳಗೆ, ಇನ್ನೊಂದು ಮೇಲೆ. ಆರ್ಕೆಸ್ಟ್ರಾದಲ್ಲಿ ಹತ್ತಾರು ಪಿಟೀಲುಗಳ ನಾದ ಇದನ್ನು ಮುಚ್ಚಿಬಿಡುತ್ತದೆ, ಇಲ್ಲಿ ಮರೆಯಿಲ್ಲ. ಫ್ಲೂಟ್ ವಾದಕಿ ಗಾಳಿಯ ಎಳೆಯನ್ನು ತುಸು ಮೇಲಕ್ಕೆತ್ತಬೇಕು, ಕ್ಲಾರಿನೆಟ್ ವಾದಕ ಬೆರಳಿನಿಂದ ಇನ್ನೊಂದು ರಂಧ್ರ ಮುಚ್ಚಿ ಸ್ವರ ಇಳಿಸಬೇಕು.

ಮೇಜರ್ ಕಾರ್ಡ್, ಅಂದರೆ ಮೂರು ಸ್ವರ ಒಟ್ಟಿಗೆ ನುಡಿಯುವ ಗುಚ್ಛ, ಕಟ್ಟುವ ಬಗೆಯೂ ನಮಗೆ ಹತ್ತಿರದ್ದೇ. ಅಭ್ಯಾಸದಲ್ಲಿ ಮೊದಲು ಷಡ್ಜ, ಪಂಚಮ ನಿಲ್ಲಿಸಿಕೊಂಡು, ಆಮೇಲೆ ಗಾಂಧಾರ ಸೇರಿಸುತ್ತಾರೆ. ಗಾಂಧಾರ ಹಿಡಿದವರು ಪಿಯಾನೊದ ಸ್ವರಕ್ಕಿಂತ ಸುಮಾರು 14 ಸೆಂಟ್, ಅಂದರೆ ಅರ್ಧ ಸ್ವರದ ಏಳನೇ ಒಂದು ಪಾಲು, ಕೆಳಗೆ ಇಡಬೇಕು. ತಂಬೂರಿಯ ಮಂದ್ರ ತಂತಿಯಿಂದ ತಾನಾಗಿ ಹೊಮ್ಮುವ ಅಂತರ ಗಾಂಧಾರವೂ ಅಲ್ಲೇ ಇರುವುದು. ಅದು ಕೂತ ಕ್ಷಣ ಕಾರ್ಡಿನಲ್ಲಿ ಅಲೆಯಲೆಯಾಗಿ ಕೇಳುತ್ತಿದ್ದ ನಡುಕ ನಿಂತು ನಾದ ತಿಳಿಯಾಗುತ್ತದೆ.

ಹಾರ್ನಿನ ಬಾಯಿ ಹಿಂದಕ್ಕೆ ತಿರುಗಿರುತ್ತದೆ. ಸಭಿಕರಿಗೆ ತಲುಪುವುದು ಹೆಚ್ಚಾಗಿ ಹಿಂಗೋಡೆಗೆ ಬಡಿದು ಬಂದ ನಾದ. ಹಿಂದೆ ದಪ್ಪ ಪರದೆಯಿದ್ದರೆ ಸ್ವರ ಮಂಕು. ಮರದ ಹಲಗೆ ನಿಲ್ಲಿಸಿದರೆ ಅರ್ಧ ಸಮಸ್ಯೆ ಮುಗಿಯಿತು. ತಡವಾಗಿ ಕೇಳುವುದನ್ನು ಸರಿದೂಗಿಸಲು ವಾದಕ ಕೂದಲೆಳೆಯಷ್ಟು ಮುಂಚೆ ಊದಬೇಕು.

ಶುರುವಿಗೆ ಸೂಚನೆ ಉಸಿರಿನದೇ. ಮುಂದಾಳು ಎಳೆಯುವ ಉಸಿರು ಸರಿಯಾಗಿ ಒಂದು ಬೀಟಿನಷ್ಟು, ಕೃತಿಯ ಲಯದಲ್ಲೇ ಇರಬೇಕು. ಗಡಿಬಿಡಿಯಲ್ಲಿ ಎಳೆದರೆ ಐವರು ಐದು ಕಡೆ ಶುರುಮಾಡುತ್ತಾರೆ.

ಡೆನ್ಮಾರ್ಕಿನ ಸಂಗೀತಕಾರ ಕಾರ್ಲ್ ನೀಲ್ಸನ್ ಕೋಪನ್‌ಹೇಗನ್ನಿನ ಇಂಥದೇ ಪಂಚಕಕ್ಕಾಗಿ 1922ರಲ್ಲಿ ಬರೆದ ಕೃತಿಯನ್ನು ಮೊದಲು ಕೇಳಿ. ಮೂರನೇ ಭಾಗದ ಪೀಠಿಕೆಗೆ ಓಬೊ ವಾದಕ ಕಾರ್ ಆಂಗ್ಲೆ (ಓಬೊಗಿಂತ ದೊಡ್ಡ, ತಗ್ಗು ಸ್ವರದ ವಾದ್ಯ) ಕೈಗೆತ್ತಿಕೊಳ್ಳಬೇಕು. ಅಷ್ಟು ಹೊತ್ತು ಸ್ಟ್ಯಾಂಡಿನಲ್ಲಿ ತಣ್ಣಗಾದ ವಾದ್ಯದ ಶ್ರುತಿ ಇಳಿದಿರುತ್ತದೆ, ಊದುವ ತುದಿಯ ಬೆತ್ತದ ಸೀಳು, ಅಂದರೆ ರೀಡ್, ಒಣಗಿರುತ್ತದೆ. ಅದಕ್ಕೇ ಬಿಡುವು ಸಿಕ್ಕಾಗಲೆಲ್ಲ ಸದ್ದಿಲ್ಲದೆ ಬೆಚ್ಚನೆಯ ಗಾಳಿ ಊದಿ, ರೀಡನ್ನು ತುಟಿಯಲ್ಲಿ ನೆನೆಸಿಕೊಳ್ಳುತ್ತಾರೆ.

ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ ಕೆಲವು ಸಂಜೆ, ಮುಖ್ಯ ಕಛೇರಿಗೆ ಮುನ್ನ, ಫಿಲ್‌ಹಾರ್ಮೋನಿಯಾ ಕಲಾವಿದರ ಚೇಂಬರ್ ಕಾರ್ಯಕ್ರಮ ಉಚಿತವಾಗಿ ಇರುತ್ತದೆ. ದಿನಾಂಕವನ್ನು ಆರ್ಕೆಸ್ಟ್ರಾದ ಜಾಲತಾಣದಲ್ಲಿ ನೋಡಿಕೊಳ್ಳಿ. ಮುಂದಿನ ಸಾಲುಗಳಲ್ಲೇ ಕುಳಿತುಕೊಳ್ಳಿ, ಉಸಿರು ಯಾರದೆಂದು ಕಾಣುತ್ತದೆ. ಭಾಗಗಳ ನಡುವೆ ಚಪ್ಪಾಳೆ ಬೇಡ: ಹಾರ್ನಿನೊಳಗೆ ಉಸಿರಿನಿಂದ ಸೇರಿದ ನೀರು ಸುರಿಸಿ, ರೀಡ್ ಸರಿಪಡಿಸಿಕೊಳ್ಳಲು ಅವರಿಗೆ ಸಿಗುವ ಹೊತ್ತು ಅಷ್ಟೇ.