ಟ್ಯಾಬ್ ರೀಚಾರ್ಜ್‌ಗೆ ಇನ್ನು ಟ್ಯಾಬ್‌ನ ನಂಬರೇ ಬೇಕು

ಸಾಗರ

ಪ್ರೀತಿಯ ಗ್ರಾಹಕರೇ, ನಮಸ್ಕಾರ.

ಬರುವ ತಿಂಗಳ 1ನೇ ತಾರೀಖಿನಿಂದ ನಮ್ಮ ಅಂಗಡಿಯಲ್ಲಿ ಒಂದು ಬದಲಾವಣೆ ಇದೆ. ಟ್ಯಾಬ್‌ಗೆ ರೀಚಾರ್ಜ್ ಮಾಡಿಸಲು ಬಂದಾಗ ಅದರೊಳಗಿರುವ ಸಿಮ್ಮಿನ ನಂಬರನ್ನೇ ಹೇಳಬೇಕು. ಇಷ್ಟು ದಿನ ನಿಮ್ಮ ಹೆಸರು ಹೇಳಿದರೆ ಸಾಕಿತ್ತು, ನಿಮ್ಮ ಮನೆಯದ್ದು ಅಂತ ಪುಸ್ತಕದಲ್ಲಿ ಬರೆದಿಟ್ಟ ನಂಬರ್ ನೋಡಿ ಹಾಕಿಬಿಡುತ್ತಿದ್ದೆವು. ಇನ್ನು ಹಾಗೆ ಮಾಡುವುದಿಲ್ಲ.

ಕಾರಣ ಇದು. ಮಳೆಗಾಲದಲ್ಲಿ ಒಬ್ಬ ಅಮ್ಮ ಹಳ್ಳಿಯಿಂದ ಬಸ್ಸಿನಲ್ಲಿ ಬಂದು, ಮಗಳ ಟ್ಯಾಬ್‌ಗೆ ಮೂರು ತಿಂಗಳ ಪ್ಲಾನ್ ಹಾಕಿ ಅಂದರು. ಪುಸ್ತಕದಲ್ಲಿ ಇದ್ದದ್ದು ಅವರ ಯಜಮಾನರ ಫೋನ್ ನಂಬರ್. ನಾವು ಕೇಳದೆ ಅದಕ್ಕೇ ಹಾಕಿಬಿಟ್ಟೆವು. ಪರೀಕ್ಷೆಯ ಹಿಂದಿನ ರಾತ್ರಿ ಆ ಹುಡುಗಿ ಪಾಠ ನೋಡೋಣ ಅಂತ ಟ್ಯಾಬ್ ತೆರೆದರೆ ನೆಟ್ ಇಲ್ಲ. ಒಮ್ಮೆ ತಪ್ಪು ನಂಬರ್‌ಗೆ ಹೋದ ರೀಚಾರ್ಜ್ ವಾಪಸ್ ಬರೋದು ಬಹಳ ಕಷ್ಟ. ವಿಷಯ ತಿಳಿದ ಮೇಲೆ ನಮ್ಮ ದುಡ್ಡಿನಲ್ಲೇ ಟ್ಯಾಬ್‌ಗೆ ಹಾಕಿಕೊಟ್ಟೆವು, ಆದರೆ ಅಷ್ಟು ಹೊತ್ತಿಗೆ ಪರೀಕ್ಷೆ ಮುಗಿದಿತ್ತು. ತಪ್ಪು ಪೂರ್ತಿ ನಮ್ಮದು. ಆ ಮನೆಯವರ ಕ್ಷಮೆ ಕೇಳಿದ್ದೇವೆ.

"ಟ್ಯಾಬ್‌ನಲ್ಲಿ ಯಾರೂ ಮಾತಾಡೋದಿಲ್ಲ, ಅದಕ್ಯಾಕೆ ನಂಬರ್?" ಅಂತ ತುಂಬಾ ಜನ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ನಿಜ ಹೇಳಬೇಕೆಂದರೆ ನೆಟ್ ಓಡುವುದಕ್ಕೆ ಆ 10 ಅಂಕಿ ಬೇಕಿಲ್ಲ. ಸಿಮ್ ಒಳಗೆ ಬೇರೆಯೇ ಒಂದು 15 ಅಂಕಿಯ ಗುರುತು ಇರುತ್ತದೆ, ನಮ್ಮ ದೇಶದ ಸಿಮ್‌ಗಳಲ್ಲಿ ಅದು ಸಾಮಾನ್ಯವಾಗಿ 404 ಅಥವಾ 405ರಿಂದ ಶುರುವಾಗುತ್ತದೆ, ನೆಟ್‌ವರ್ಕ್ ಗುರುತು ಹಿಡಿಯುವುದು ಅದನ್ನು. ಆದರೆ ನಾವು ದುಡ್ಡು ಹಾಕುವುದು, ನಿಮ್ಮ ಹೆಸರು ವಿಳಾಸ ದಾಖಲಾಗುವುದು, ಪ್ಲಾನ್ ಮುಗಿಯುವ ದಿನ ತೋರಿಸುವುದು ಎಲ್ಲಾ 10 ಅಂಕಿಯ ನಂಬರ್ ಮೇಲೆ. ಹಾಗಾಗಿ ಪ್ಲಾನ್ ಅನ್ನೋದು ಟ್ಯಾಬ್‌ನದ್ದಲ್ಲ, ಸಿಮ್‌ನದ್ದು. ಸಿಮ್ ತೆಗೆದು ಬೇರೆ ಟ್ಯಾಬ್‌ಗೆ ಹಾಕಿದರೆ ಉಳಿದ ಡೇಟಾ ಅದರ ಜೊತೆಗೇ ಹೋಗುತ್ತದೆ.

ಗಾಡಿಯ ಜಿಪಿಎಸ್‌ನಂಥ ಯಂತ್ರಗಳ ಸಿಮ್‌ಗೆ 2018ರಿಂದ 13 ಅಂಕಿಯ ನಂಬರ್ ಬಂದಿದೆ. ಕಂಪ್ಯೂಟರಿಗೆ ಚುಚ್ಚಿ ನೆಟ್ ಪಡೆಯುವ ಡಾಂಗಲ್‌ಗೂ 13 ಅಂಕಿ ಕೊಡಿ ಅಂತ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 2020ರಲ್ಲಿ ಶಿಫಾರಸು ಮಾಡಿತ್ತು. ಟ್ಯಾಬ್‌ಗೆ ನಾವು ಹಾಕಿಕೊಡುವ ಸಿಮ್ ಮಾತ್ರ ಫೋನಿಗೆ ಹಾಕುವಂಥದ್ದೇ, ನಂಬರ್ ನೋಡಿದರೆ ಯಾವುದು ಫೋನು ಯಾವುದು ಟ್ಯಾಬು ಅಂತ ಗೊತ್ತೇ ಆಗುವುದಿಲ್ಲ. ನಾವು ಎಡವಿದ್ದೂ ಅಲ್ಲೇ.

ನಂಬರ್ ಗೊತ್ತಿಲ್ಲದಿದ್ದರೆ ಗಾಬರಿ ಬೇಡ. ಕರೆ ಹೋಗುವ ಟ್ಯಾಬ್ ಆದರೆ ಅದರಿಂದ ನಿಮ್ಮ ಫೋನಿಗೆ ಒಂದು ಮಿಸ್ಡ್ ಕಾಲ್ ಕೊಡಿ. ಐಪ್ಯಾಡ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಹುಡುಕಿ, ಅದರಿಂದ ಸಿಮ್ಮಿನ ಕರೆ ಹೋಗುವುದಿಲ್ಲ, ಮಾಮೂಲಿ ಎಸ್‌ಎಂಎಸ್ಸೂ ಕಾಣುವುದಿಲ್ಲ. ಎಲ್ಲೂ ಸಿಗದಿದ್ದರೆ ಟ್ಯಾಬ್ ಹಿಡಿದುಕೊಂಡೇ ಬನ್ನಿ, ಸಿಮ್ ತೆಗೆದು ಫೋನಿಗೆ ಹಾಕಿ ನೋಡಿಕೊಡುತ್ತೇವೆ. ಸಿಮ್ ಮೇಲೆ ಅಚ್ಚಾಗಿರುವ ಉದ್ದದ ಸಂಖ್ಯೆ ಓದಿ ಹೇಳಬೇಡಿ, ಅದು ಕಾರ್ಡಿನ ಸಂಖ್ಯೆ, ಅದಕ್ಕೆ ರೀಚಾರ್ಜ್ ಹೋಗುವುದಿಲ್ಲ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ಟ್ಯಾಬ್‌ನ ನಂಬರನ್ನು ಬ್ಯಾಂಕಿಗೆ, ಆಧಾರ್‌ಗೆ, ಗ್ಯಾಸ್ ಬುಕಿಂಗ್‌ಗೆ ದಯವಿಟ್ಟು ಕೊಡಬೇಡಿ. ರಜೆ ಬಂತು ಅಂತ ಟ್ಯಾಬ್ ಬೀರುವಿನಲ್ಲಿ ಇಟ್ಟು ರೀಚಾರ್ಜ್ ಮರೆತುಬಿಡುತ್ತೇವೆ, ಅಲ್ವಾ? ಪ್ರೀಪೇಯ್ಡ್ ಸಿಮ್ಮನ್ನು 90 ದಿನ ಬಳಸದೇ ಬಿಟ್ಟರೆ ಕಂಪನಿ ಆ ನಂಬರನ್ನು ನಿಲ್ಲಿಸಬಹುದು. ಅದರಲ್ಲಿ 20 ರೂಪಾಯಿ ಬ್ಯಾಲೆನ್ಸ್ ಇದ್ದರೆ ಅದನ್ನು ಮುರಿದುಕೊಂಡು ಇನ್ನೂ 30 ದಿನ ಉಳಿಸುತ್ತಾರೆ. ನಿಂತುಹೋದ ನಂಬರ್ ಸ್ವಲ್ಪ ಕಾಲದ ಮೇಲೆ ಬೇರೆ ಯಾರಿಗೋ ಹೋಗುತ್ತದೆ, ಆಮೇಲೆ ನಿಮ್ಮ ಬ್ಯಾಂಕಿನ ಓಟಿಪಿ ಬರುವುದೂ ಅವರಿಗೇ. ಈಗಾಗಲೇ ಕೊಟ್ಟಿದ್ದರೆ ಈ ವಾರವೇ ಬದಲಿಸಿಕೊಳ್ಳಿ. ವಾಟ್ಸಾಪ್‌ಗೂ ಟ್ಯಾಬ್‌ನ ನಂಬರ್ ಬೇಡ, ಫೋನಿನ ಖಾತೆಯನ್ನೇ ಟ್ಯಾಬ್‌ಗೆ ಜೋಡಿಸಬಹುದು, ಹೇಗೆ ಅಂತ ತೋರಿಸಿಕೊಡುತ್ತೇವೆ.

ಒಬ್ಬರ ಹೆಸರಿನಲ್ಲಿ 9 ಸಿಮ್ ಮಾತ್ರ ಇರಬಹುದು, ಟ್ಯಾಬ್ ಸಿಮ್ ಕೂಡ ಆ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಹೆಸರಿನಲ್ಲಿ ಎಷ್ಟಿವೆ ಅಂತ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ನೋಡಬಹುದು.

ಇನ್ನು, ಮನೆ ಬಿಟ್ಟು ಹೊರಗೇ ಹೋಗದ ಟ್ಯಾಬ್‌ಗೆ ಸುಮ್ನೆ ಸಿಮ್ ಹಾಕಿಸಬೇಡಿ. ವೈಫೈ ಅಥವಾ ಫೋನಿನ ಹಾಟ್‌ಸ್ಪಾಟ್ ಸಾಕು. ನಮಗೆ ಒಂದು ರೀಚಾರ್ಜ್ ಕಡಿಮೆಯಾಗುತ್ತದೆ ನಿಜ, ಆದರೂ ನಿಮ್ಮ ದುಡ್ಡು ಉಳಿಯಲಿ ಅಂತಲೇ ಹೇಳುತ್ತಿದ್ದೇವೆ.

ಮುಂದಿನ ಸಲ ಬರುವಾಗ ಟ್ಯಾಬ್ ತನ್ನಿ. ಅದರ ನಂಬರ್ ಬರೆದ ಚೀಟಿಯನ್ನು ಕವರ್ ಒಳಗೆ ಅಂಟಿಸಿಕೊಡುತ್ತೇವೆ, ದುಡ್ಡು ಕೊಡಬೇಕಿಲ್ಲ. ಪುಸ್ತಕದಲ್ಲೂ ಟ್ಯಾಬ್‌ಗೆ ಬೇರೆ ಸಾಲು ಮಾಡಿದ್ದೇವೆ. ಪ್ಲಾನ್ ಮುಗಿಯುವ ಎರಡು ದಿನ ಮೊದಲು ನಾವೇ ನಿಮ್ಮ ಫೋನಿಗೆ ಕರೆ ಮಾಡಿ ನೆನಪಿಸುತ್ತೇವೆ.

ಇಂತಿ,
ನಿಮ್ಮ ಮೊಬೈಲ್ ಅಂಗಡಿಯವರು