ಇನ್ಶೂರೆನ್ಸ್ ಇದೆ, ಸರಿ. ಯಾವುದಕ್ಕೆ ಇದೆ?

ದಾವಣಗೆರೆ

ಚಿ. ಕಾವ್ಯಾಗೆ ದೊಡ್ಡಮ್ಮನ ಆಶೀರ್ವಾದಗಳು.

ಸೆಕೆಂಡ್ ಹ್ಯಾಂಡ್ ಕಾರು ತಗೊಂಡಿದ್ದು ಖುಷಿಯಾಯಿತು. ನಿಮ್ಮ ದೊಡ್ಡಪ್ಪನಿಗೆ ಮೈಲೇಜ್ ಎಷ್ಟು ಅನ್ನೋದೇ ಚಿಂತೆ. ನಾನು ಮಾತ್ರ ನೀನು ವಾಟ್ಸಾಪ್‌ನಲ್ಲಿ ಕಳಿಸಿದ ಪಾಲಿಸಿ ಕಾಗದ ದೊಡ್ಡದು ಮಾಡಿ ಓದಿದೆ. ಮಾರಿದವರು ಇನ್ನೂ ಏಳು ತಿಂಗಳು ಇನ್ಶೂರೆನ್ಸ್ ಇದೆ ಅಂದರು ಅಂತ ನೀನು ಆರಾಮಾಗಿದ್ದೀಯಲ್ಲ, ಅದಕ್ಕೇ ಈ ಪತ್ರ.

ಪ್ರೀಮಿಯಂ ಲೆಕ್ಕ ಇರುವ ಜಾಗ ನೋಡು. ಒಂದು ಕಡೆ ಓನ್ ಡ್ಯಾಮೇಜ್, ಅಂದರೆ ನಿನ್ನ ಕಾರಿಗೇ ಆಗುವ ಹಾನಿ. ಇನ್ನೊಂದು ಕಡೆ ಲಯಬಿಲಿಟಿ, ಅಂದರೆ ನಿನ್ನ ಕಾರಿನಿಂದ ಬೇರೆಯವರಿಗೆ ಆಗುವ ಹಾನಿ. ಇದಕ್ಕೇ ಥರ್ಡ್ ಪಾರ್ಟಿ ಅನ್ನೋದು. ಓನ್ ಡ್ಯಾಮೇಜ್ ಕೆಳಗೆ ಬರೀ ಸೊನ್ನೆ. ಅಂದರೆ ಇರುವುದು ಥರ್ಡ್ ಪಾರ್ಟಿ ಒಂದೇ. 1988ರ ಮೋಟಾರು ವಾಹನ ಕಾಯ್ದೆ ಕಡ್ಡಾಯ ಮಾಡಿರುವುದೂ ಅದನ್ನೇ. ನಿನ್ನ ಕಾರಿನಿಂದ ಯಾರಾದರೂ ಸತ್ತರೆ, ಗಾಯಗೊಂಡರೆ ಕೋರ್ಟ್ ಹೇಳಿದ ಪರಿಹಾರವನ್ನು ಕಂಪನಿ ಕಟ್ಟುತ್ತದೆ. ಅವರ ಗಾಡಿ, ಗೋಡೆ ಹಾಳಾದರೆ 7.5 ಲಕ್ಷದವರೆಗೆ. ನಿನ್ನ ಕಾರಿಗೆ ಒಂದು ಪೈಸೆಯೂ ಬರಲ್ಲ. ವಾರ ವಾರ ದುರ್ಗದಿಂದ ಹೈವೇಯಲ್ಲಿ ಬರುವವಳು ನೀನು. ಯಾವುದೋ ಲಾರಿ ಗುದ್ದಿ, ನಿಲ್ಲಿಸದೆ ಹೋದರೆ ಗ್ಯಾರೇಜ್ ಬಿಲ್ಲು ಪೂರ್ತಿ ನಿನ್ನ ತಲೆ ಮೇಲೆ.

ಮೊದಲು ಪಾಲಿಸಿ ನಿನ್ನ ಹೆಸರಿಗೆ ಮಾಡಿಸು. ಇದಕ್ಕೆ 14 ದಿನದ ಗಡುವಿದೆ. ಮಾಲೀಕರೇ ಓಡಿಸುವಾಗ ಅಪಘಾತವಾದರೆ ಅಂತ ಇರುವ 15 ಲಕ್ಷದ ಕವರ್ ಕೂಡ ನಿನ್ನ ಹೆಸರಲ್ಲೇ ಇರಬೇಕು. ಕ್ಲೇಮ್ ಮಾಡದೇ ಇದ್ದುದಕ್ಕೆ ಹಳೇ ಮಾಲೀಕರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ನಿನಗೆ ಬರಲ್ಲ. ಅದು ಕಾರಿನದ್ದಲ್ಲ, ಅವರದ್ದು.

ಆಮೇಲೆ ಓನ್ ಡ್ಯಾಮೇಜ್ ಕೊಂಡುಕೋ. ಏಳು ತಿಂಗಳು ಕಾಯಬೇಕಿಲ್ಲ, ಅದೊಂದನ್ನೇ ಬೇರೆಯಾಗಿ ಕೊಡುತ್ತಾರೆ. ಅದರಲ್ಲಿ ಐಡಿವಿ ಅಂತ ಒಂದು ಮೊತ್ತ ಇರುತ್ತದೆ. ಕಾರು ಕಳುವಾದರೆ, ಪೂರ್ತಿ ಜಖಂ ಆದರೆ ಸಿಗುವ ದುಡ್ಡಿಗೆ ಅದೇ ಲೆಕ್ಕ. ಪ್ರೀಮಿಯಂ ಕಮ್ಮಿ ತೋರಿಸೋಕೆ ಏಜೆಂಟ್ ಐಡಿವಿ ಇಳಿಸಿದರೆ ಒಪ್ಪಬೇಡ.

ಝೀರೋ ಡೆಪ್, ಅಂದರೆ ಬಿಡಿಭಾಗಗಳಿಗೆ ಸವಕಳಿ ಕಳೆಯದೆ ದುಡ್ಡು ಕೊಡುವ ಹೆಚ್ಚುವರಿ ಕವರ್, ಬೇಕಾ ಅಂತ ನೀನು ಕೇಳಿದ್ದೆ. ನನ್ನ ಪ್ರಕಾರ ಬೇಕು. ಬಂಪರ್ ಪ್ಲಾಸ್ಟಿಕ್ ಅಲ್ವಾ? ಮಾಮೂಲಿ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ ಬೆಲೆ ಕಳೆದೇ ಕೊಡುತ್ತಾರೆ. ಹತ್ತು ಸಾವಿರದ ಬಂಪರ್ ಒಡೆದರೆ ಐದು ಸಾವಿರ ನಿನ್ನದು. ಅದರ ಮೇಲೆ, 1500 ಸಿಸಿ ಒಳಗಿನ ಕಾರು ಅಂದರೆ ಪ್ರತಿ ಕ್ಲೇಮಿಗೂ ಕಡ್ಡಾಯವಾಗಿ ಕಳೆಯುವ ಸಾವಿರ ರೂಪಾಯಿ ಬೇರೆ. ಝೀರೋ ಡೆಪ್ ಇದ್ದರೆ ಆ ಐದು ಸಾವಿರ ಉಳಿಯುತ್ತದೆ, ಸಾವಿರ ಉಳಿಯಲ್ಲ. ಕಾರು ಹಳೆಯದಾದಷ್ಟೂ ಇದನ್ನು ಕೊಡೋಕೆ ಕಂಪನಿಗಳು ಹಿಂದೆಮುಂದೆ ನೋಡುತ್ತವೆ, ಈಗಲೇ ಕೇಳು.

ನೀರು ಹೊಕ್ಕು ಎಂಜಿನ್ ಕೆಟ್ಟರೆ ಅಂತ ಇರುವ ಎಂಜಿನ್ ಪ್ರೊಟೆಕ್ಟ್ ಕವರ್ ನಿನ್ನಿಷ್ಟ. ಆದರೆ ಮಳೆಗಾಲದಲ್ಲಿ ರೈಲ್ವೆ ಅಂಡರ್‌ಪಾಸ್ ನೀರಲ್ಲಿ ಗಾಡಿ ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಬೇಡ, ತಳ್ಳಿಸು. ನೀರು ಒಳಗೆ ಎಳೆದುಕೊಂಡು ಕೆಟ್ಟ ಎಂಜಿನ್‌ಗೆ ಮಾಮೂಲಿ ಪಾಲಿಸಿ ದುಡ್ಡು ಕೊಡಲ್ಲ. ಕಾರು ಕಳುವಾದರೆ, ಪೂರ್ತಿ ಜಖಂ ಆದರೆ ಕೊಂಡ ಬಿಲ್ಲಿನ ಬೆಲೆಯನ್ನೇ ಕೊಡುವ ರಿಟರ್ನ್ ಟು ಇನ್ವಾಯ್ಸ್ ಹೊಸ ಕಾರಿನವರಿಗೆ, ನಿನಗೆ ಸುಮ್ನೆ ಖರ್ಚು.

ಎರಡು ಮೂರು ಕಡೆ ರೇಟ್ ಕೇಳು. ದುಡ್ಡು ಕಟ್ಟುವ ಮುಂಚೆ ಕಾಗದ ನನಗೆ ಕಳಿಸು. ಮತ್ತೆ, ಮಾರಿದವರ ಹತ್ತಿರ ಇನ್ನೊಂದು ಕೀ ಇದ್ದರೆ ಮರೆಯದೆ ಇಸಿದುಕೋ. ಕಾರು ಕಳುವಾದರೆ ಕಂಪನಿಯವರು ಎರಡೂ ಕೀ ಕೇಳುತ್ತಾರೆ.

ನಿನ್ನ ದೊಡ್ಡಮ್ಮ