ಓದಿಗೆ ಮಾಡಿದ ಸಾಲ ದಂಡಕ್ಕೆ ಸಮವೇ?

ಮಾನ್ಯರೇ,

2016ರ ದಿವಾಳಿ ಸಂಹಿತೆಯ (ಐಬಿಸಿ) 79ನೇ ಸೆಕ್ಷನ್ನಿನಲ್ಲಿ ಒಂದು ಸಣ್ಣ ಪಟ್ಟಿ ಇದೆ. ದಿವಾಳಿಯಾದರೂ ಮನ್ನಾ ಆಗದ ಬಾಕಿಗಳ ಪಟ್ಟಿ ಅದು. ಕೋರ್ಟ್ ಹಾಕಿದ ದಂಡ, ಕೊಡಬೇಕಾದ ಜೀವನಾಂಶ, ನಿರ್ಲಕ್ಷ್ಯದಿಂದ ಆದ ನಷ್ಟಕ್ಕೆ ಪರಿಹಾರ, ಇವುಗಳ ಪಕ್ಕದಲ್ಲೇ ಶಿಕ್ಷಣ ಸಾಲವನ್ನೂ ಸೇರಿಸಿದ್ದಾರೆ. ಕ್ರೆಡಿಟ್ ಕಾರ್ಡ್ ಉಜ್ಜಿ ಟಿವಿ ತಂದ ಸಾಲ ಆ ಪಟ್ಟಿಯಲ್ಲಿಲ್ಲ. ಓದಿಗೆ ಮಾಡಿದ ಸಾಲ ಇದೆ. ಇದು ಯಾವ ನ್ಯಾಯ?

ಈ ಪಟ್ಟಿ ಇರುವುದು ಸಂಹಿತೆಯಲ್ಲಿ ವ್ಯಕ್ತಿಗಳ ದಿವಾಳಿಗೆ ಸಂಬಂಧಿಸಿದ ಭಾಗದಲ್ಲಿ. ಆ ಭಾಗ ಸಾಮಾನ್ಯ ಜನರಿಗೆ ಇನ್ನೂ ಜಾರಿಯಾಗಿಲ್ಲ. 2019ರ ಡಿಸೆಂಬರ್‌ನಿಂದ ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ ಅನ್ವಯ. ಉಳಿದವರಿಗೆ ಬ್ರಿಟಿಷರ ಕಾಲದ ಪಾಪರ್ ಕಾನೂನೇ ಗತಿ. ಹಾಗಾಗಿ ತಿದ್ದುವುದಿದ್ದರೆ ಈಗಲೇ ತಿದ್ದಬೇಕು.

ನಾನು ಬ್ಯಾಂಕಿನಲ್ಲಿ ಶಿಕ್ಷಣ ಸಾಲದ ಅರ್ಜಿಗಳನ್ನು ನೋಡುತ್ತಿದ್ದವನು. ಸೀಟು ಕೈತಪ್ಪಿ ಹೋದೀತು ಅನ್ನುವ ಗಾಬರಿಯಲ್ಲಿ ಬರುವ ಅಪ್ಪ ಅಮ್ಮಂದಿರು ‘ಎಲ್ಲಿ ಸೈನ್ ಮಾಡ್ಬೇಕು ಸಾರ್’ ಎಂದು ಕೇಳಿ, ತೋರಿಸಿದ ಕಡೆಯೆಲ್ಲ ಸಹಿ ಹಾಕಿಬಿಡುತ್ತಿದ್ದರು. ಆ ಸಹಿಯಿಂದ ಅವರೂ ಸಾಲಗಾರರೇ ಆಗುತ್ತಾರೆ. ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷ ಸಾಲ, ಶೇ 10 ಬಡ್ಡಿ ಅಂದುಕೊಳ್ಳಿ. ಸರ್ಕಾರದ ಬಡ್ಡಿ ಸಹಾಯಧನ ಸಿಗದಿದ್ದರೆ, ಓದು ಮುಗಿದು ಮತ್ತೊಂದು ವರ್ಷ ಕಳೆಯುವಷ್ಟರಲ್ಲಿ ಬಾಕಿ 5.4 ಲಕ್ಷ. 15 ವರ್ಷದ ಕಂತು ಮಾಡಿಸಿದರೂ ತಿಂಗಳಿಗೆ ಸುಮಾರು 5,800 ರೂಪಾಯಿ. ಹನ್ನೆರಡು ಸಾವಿರ ಸಂಬಳದ ಹುಡುಗ ಬೆಂಗಳೂರಿನಲ್ಲಿ ಪಿಜಿ ಬಾಡಿಗೆ ಕೊಟ್ಟು ಇದನ್ನು ಎಲ್ಲಿಂದ ಕಟ್ಟುತ್ತಾನೆ? ಹೀಗೆ ಸಹಿ ಹಾಕಿದ ನಮ್ಮ ಬೀದಿಯ ಟೈಲರ್ ಒಬ್ಬರ ಅಂಗಡಿಗೆ ವಸೂಲಿಯವರು ಬೇಕೆಂದೇ ಗಿರಾಕಿಗಳಿರುವ ಹೊತ್ತಿಗೆ ಬರುತ್ತಾರೆ. ಅವರು ಅಳತೆ ಟೇಪು ಕೊರಳಲ್ಲಿ ಹಾಕಿಕೊಂಡೇ ಹೊರಗೆ ಬಂದು, ದನಿ ತಗ್ಗಿಸಿ ಮಾತಾಡಿ ಕಳಿಸುವುದನ್ನು ನೋಡಿದ್ದೇನೆ. ತುಂಬಾ ಸಂಕಟವಾಗುತ್ತದೆ.

‘ಡಿಗ್ರಿ ಕೈಗೆ ಬಂದ ಮರುದಿನವೇ ಪಾಪರ್ ಅರ್ಜಿ ಹಾಕಿದರೆ?’ ಎಂದು ಕೇಳುವವರಿದ್ದಾರೆ. ಅಮೆರಿಕಕ್ಕೂ ಇದೇ ಭಯವಿತ್ತು. 1976ರಲ್ಲಿ ಅಲ್ಲಿ, ದಿವಾಳಿಯಲ್ಲಿ ಶಿಕ್ಷಣ ಸಾಲ ಮನ್ನಾ ಆಗಬೇಕಾದರೆ ಐದು ವರ್ಷ ಕಾಯಬೇಕು ಎಂಬ ನಿಯಮ ತಂದರು. 1990ರಲ್ಲಿ ಅದು ಏಳಾಯಿತು. 1998ರಲ್ಲಿ ಆ ದಾರಿಯನ್ನೇ ಮುಚ್ಚಿದರು. ಆಮೇಲೆ ಉಳಿದದ್ದು ಒಂದೇ: ದಿವಾಳಿ ಕೋರ್ಟಿನಲ್ಲಿ ಬೇರೆಯೇ ದಾವೆ ಹೂಡಿ, ತಾಳಲಾರದ ಕಷ್ಟ ಇದೆ ಎಂದು ಸಾಬೀತು ಮಾಡುವುದು. ವಕೀಲರಿಗೆ ಕೊಡಲು ದುಡ್ಡಿಲ್ಲದವರು ಆ ತಂಟೆಗೇ ಹೋಗಲಿಲ್ಲ. ಕೊನೆಗೆ 2022ರ ನವೆಂಬರ್‌ನಲ್ಲಿ ಅಲ್ಲಿನ ನ್ಯಾಯ ಇಲಾಖೆ, ಸರ್ಕಾರಿ ಸಾಲದವರು ಆದಾಯ ಖರ್ಚುಗಳನ್ನು ಒಂದು ನಮೂನೆಯಲ್ಲಿ ತುಂಬಿ ಕೊಟ್ಟರೆ, ಕಷ್ಟ ನಿಜವೆಂದು ಕಂಡಾಗ ಸುಮ್ನೆ ವಿರೋಧಿಸಬಾರದು ಎಂದು ತನ್ನ ವಕೀಲರಿಗೆ ಸೂಚಿಸಿತು. ಅವರು ಇಪ್ಪತ್ತು ವರ್ಷಕ್ಕೂ ಜಾಸ್ತಿ ಜನರನ್ನು ಗೋಳಾಡಿಸಿ ಕಲಿತದ್ದನ್ನು ನಾವು ಮೊದಲಿಂದ ಮತ್ತೆ ಕಲಿಯಬೇಕಾ?

ನಮ್ಮಲ್ಲೂ ಕಾಯುವ ಅವಧಿ ಇರಲಿ. ಐದೋ ಏಳೋ ವರ್ಷ ಪ್ರಾಮಾಣಿಕವಾಗಿ ದುಡಿದು, ಕೈಲಾದಷ್ಟು ಕಟ್ಟಿ, ಆದರೂ ಆಗದವರ ಅರ್ಜಿಯನ್ನು ಕೋರ್ಟ್ ಕೇಳಲಿ. ಇದೇ ಸಂಹಿತೆಯಡಿ ಇತ್ಯರ್ಥವಾದ ಕಂಪನಿಗಳಿಂದ ಸಾಲ ಕೊಟ್ಟವರಿಗೆ ವಾಪಸ್ ಬಂದಿರುವುದು ಒಟ್ಟು ಬಾಕಿಯ ಸುಮಾರು ಮೂರನೇ ಒಂದು ಪಾಲು. ಉಳಿದದ್ದನ್ನು ನಷ್ಟವೆಂದು ಬ್ಯಾಂಕುಗಳು ನುಂಗಿಕೊಂಡಿವೆ, ಅಲ್ವಾ?

ಸಾಮಾನ್ಯರ ದಿವಾಳಿಯ ಭಾಗವನ್ನು ಜಾರಿಗೆ ತರುವ ಮೊದಲು ಆ ಪಟ್ಟಿಯಿಂದ ಶಿಕ್ಷಣ ಸಾಲವನ್ನು ಕೈಬಿಡಬೇಕು. ಅದಾಗದಿದ್ದರೆ ಸಹಿ ಹಾಕಿದ ಅಪ್ಪ ಅಮ್ಮಂದಿರನ್ನಾದರೂ ಬಿಡುಗಡೆ ಮಾಡಬೇಕು. ನಮ್ಮ ರಾಜ್ಯದ ಸಂಸದರು ಪಕ್ಷ ಮರೆತು ಇದನ್ನು ಲೋಕಸಭೆಯಲ್ಲಿ ಕೇಳಲಿ.

– ನಿವೃತ್ತ ಬ್ಯಾಂಕ್ ನೌಕರ, ಹಾಸನ